ಕೂಲಂಟ್ ಬಗ್ಗೆ ಕೈಪಿಡಿಗಳು ಹೇಳುವುದೇನು, ಹೇಳದಿರುವುದೇನು?

ಕಾರು ಕೊಂಡವರಿಗೆಲ್ಲ ಅದರೊಂದಿಗೆ ಒಂದು ಕೈಪಿಡಿಯೂ ದೊರೆಯುತ್ತದೆ. ಬಹುಪಾಲು ಮನೆಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಖಾನೆಯಿಂದ ಹೊರಬರುವುದೇ ಇಲ್ಲ. ಹೊರತೆಗೆದು ನೋಡಿದರೆ ಎಂಜಿನ್ ಕೂಲಂಟಿಗೆ ಮೀಸಲಾದ ಒಂದೆರಡು ಪುಟಗಳು ಅದರಲ್ಲಿ ಇದ್ದೇ ಇರುತ್ತವೆ. ಆ ಪುಟಗಳು, ಕೂಲಂಟ್ ಡಬ್ಬಿಯ ಮೇಲಿನ ಚೀಟಿ, ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವ ಕಾರಿನ ಆರೈಕೆಯ ಲೇಖನಗಳು, ಈ ಮೂರನ್ನೂ ಎದುರಿಗಿಟ್ಟುಕೊಂಡು ಓದಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಸೂಚನೆಗಳು ಬಹುತೇಕ ಸರಿಯಾಗಿಯೇ ಇರುತ್ತವೆ. ಕಾರಣಗಳು ಮಾತ್ರ ಎಲ್ಲಿಯೂ ಇರುವುದಿಲ್ಲ.

'ಎಂಜಿನ್ ತಣ್ಣಗಿರುವಾಗ ಮಟ್ಟ ನೋಡಿ', 'ಬಿಸಿಯಿರುವಾಗ ಮುಚ್ಚಳ ತೆಗೆಯಬೇಡಿ', 'ಮಟ್ಟ ಕಡಿಮೆಯಾಗಿದ್ದರೆ ತುಂಬಿಸಿ', 'ಶಿಫಾರಸು ಮಾಡಿದ ಕೂಲಂಟನ್ನೇ ಬಳಸಿ'. ಈ ನಾಲ್ಕು ವಾಕ್ಯಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಘಾಟಿಯ ನಡುವೆ ಬಾನೆಟ್ಟಿನಿಂದ ಹಬೆ ಏಳುತ್ತಿರುವಾಗ, ಹಿಂದಿನ ಸೀಟಿನಲ್ಲಿ ಮಕ್ಕಳು ಕಾಯುತ್ತಿರುವಾಗ, ಕಾರಣ ತಿಳಿಯದ ಸೂಚನೆ ಯಾರ ನೆನಪಿಗೂ ಬರುವುದಿಲ್ಲ. ಸಾಹಿತ್ಯಕ್ಕೆ ವಿಮರ್ಶೆ ಇರುವಂತೆ ಇಂತಹ ತಾಂತ್ರಿಕ ಬರವಣಿಗೆಗೂ ವಿಮರ್ಶೆ ಬೇಕು. ಕೆಟ್ಟ ಕವಿತೆ ಓದಿದರೆ ಹತ್ತು ನಿಮಿಷ ಹಾಳಾದೀತು. ಇಲ್ಲಿ ಸುಡುವುದು ಓದುಗರ ಕೈ, ಮುಖ.

ಹೆಸರಿನಲ್ಲೇ ತೊಡಕು

ಕೂಲಂಟ್ ಎಂಬುದಕ್ಕೆ ನಮ್ಮಲ್ಲಿ ಕೆಲವರು 'ಶೀತಕ' ಎಂಬ ಪದ ಬಳಸುತ್ತಾರೆ. ಪದವೇನೋ ಚೆನ್ನಾಗಿದೆ, ಆದರೆ ಅದು ಮೂಡಿಸುವ ಕಲ್ಪನೆ ಸರಿಯಲ್ಲ. ಆ ದ್ರವದಲ್ಲಿ ತಂಪು ತುಂಬಿದೆ, ಎಂಜಿನ್ನಿಗೆ ಅದು ತಂಪನ್ನು ಕೊಡುತ್ತದೆ ಎಂಬ ಭಾವನೆ ಬರುತ್ತದೆ. ಡಬ್ಬಿಯ ಚೀಟಿಗಳಲ್ಲಿ ಹಿಮದ ಹರಳು, ನೀಲಿ ಬೆಟ್ಟಗಳ ಚಿತ್ರ ಇರುವುದೂ ಇದೇ ಕಲ್ಪನೆಯಿಂದ. ವಾಸ್ತವದಲ್ಲಿ ಕೂಲಂಟ್ ಒಬ್ಬ ಹಮಾಲಿ. ಎಂಜಿನ್ನಿನ ಉಷ್ಣವನ್ನು ಹೊತ್ತು ರೇಡಿಯೇಟರಿನಲ್ಲಿ ಇಳಿಸಿ, ಮತ್ತೆ ಎಂಜಿನ್ನಿಗೆ ಬರುವುದಷ್ಟೇ ಅದರ ಕೆಲಸ. ತಂಪು ಮಾಡುವುದು ರೇಡಿಯೇಟರಿನ ಮೂಲಕ ಹಾಯುವ ಗಾಳಿ.

ಒಂದು ಸಣ್ಣ ಲೆಕ್ಕ ನೋಡೋಣ. ಜನರೂ ಸೇರಿ 1,200 ಕಿಲೋಗ್ರಾಂ ತೂಗುವ ಕಾರು 500 ಮೀಟರ್ ಎತ್ತರದ ಘಾಟಿಯನ್ನು 15 ನಿಮಿಷದಲ್ಲಿ ಏರುತ್ತದೆ ಎಂದಿಟ್ಟುಕೊಳ್ಳಿ. ಎತ್ತರ ಏರಲು ಬೇಕಾಗುವ ಶಕ್ತಿ ಸುಮಾರು 6 ಮೆಗಾಜೌಲ್. ಎಂಜಿನ್ನಿನ ದಕ್ಷತೆ ಶೇಕಡಾ 25 ಎಂದರೆ ಸುಮಾರು 24 ಮೆಗಾಜೌಲಿನಷ್ಟು ಪೆಟ್ರೋಲ್ ಉರಿಯಬೇಕು. ಸ್ಥೂಲವಾಗಿ ಅದರ ಮೂರನೇ ಒಂದು ಭಾಗ, ಎಂದರೆ 8 ಮೆಗಾಜೌಲ್, ಕೂಲಂಟಿನ ಪಾಲಿಗೆ ಬರುತ್ತದೆ. 15 ನಿಮಿಷಕ್ಕೆ ಹಂಚಿದರೆ ಇದು ಸುಮಾರು 9 ಕಿಲೋವ್ಯಾಟ್. ಸ್ನಾನದ ನೀರು ಕಾಯಿಸುವ 1 ಕಿಲೋವ್ಯಾಟಿನ ಒಂಬತ್ತು ಕಾಯಿಲುಗಳನ್ನು ಆರು ಲೀಟರ್ ದ್ರವದಲ್ಲಿ ಮುಳುಗಿಸಿಟ್ಟಂತೆ! ರೇಡಿಯೇಟರ್ ಈ ಉಷ್ಣವನ್ನು ಹೊರಹಾಕದಿದ್ದರೆ 90 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಕೂಲಂಟ್ ಎರಡು ನಿಮಿಷದೊಳಗೆ 130 ಡಿಗ್ರಿ ಮುಟ್ಟಬೇಕು. ಎಂಜಿನ್ನಿನ ಲೋಹವೂ ಒಂದಷ್ಟು ಉಷ್ಣವನ್ನು ಹೀರುವುದರಿಂದ ಇನ್ನೂ ಕೆಲವು ನಿಮಿಷ ಸಿಗಬಹುದು, ಅಷ್ಟೇ. ಕೆಂಪು ದೀಪ ಹತ್ತಿದ ಮೇಲೆ 'ಮುಂದಿನ ಊರಿನವರೆಗೆ ಹೋಗಿಬಿಡೋಣ' ಎನ್ನುವಂತಿಲ್ಲ ಏಕೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ. ಆದರೆ ಯಾವ ಪುಟದಲ್ಲೂ ಇದು ಕಾಣುವುದಿಲ್ಲ.

ಚಳಿ ದೇಶದಿಂದ ಬಂದ ಮಾತು

ಡಬ್ಬಿಯ ಮೇಲೆ ಕೂಲಂಟ್ ಎಂಬುದರ ಜೊತೆಗೆ 'ಆಂಟಿಫ್ರೀಜ್' ಎಂದೂ ಬರೆದಿರುತ್ತದೆ. ಇದನ್ನು ಓದಿದ ಕನ್ನಡಿಗ ಓದುಗ ಸಹಜವಾಗಿ ಹೀಗೆ ತರ್ಕಿಸುತ್ತಾನೆ: ಬಳ್ಳಾರಿಯಲ್ಲೋ ಕಲಬುರಗಿಯಲ್ಲೋ ನೀರು ಹೆಪ್ಪುಗಟ್ಟುವುದಿಲ್ಲ, ಆದ್ದರಿಂದ ಇದು ನಮಗೆ ಬೇಡದ ಖರ್ಚು, ನಲ್ಲಿಯ ನೀರೇ ಸಾಕು. ತರ್ಕದಲ್ಲಿ ದೋಷವಿಲ್ಲ. ದೋಷ ಇರುವುದು ಅವನಿಗೆ ಒದಗಿಸಿದ ಮಾಹಿತಿಯಲ್ಲಿ.

ಸಾಮಾನ್ಯ ಕೂಲಂಟ್ ಎಂದರೆ ನೀರು, ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ಕೆಲವು ರಾಸಾಯನಿಕಗಳ ಮಿಶ್ರಣ. ಉಷ್ಣ ಹೊರುವ ಸಾಮರ್ಥ್ಯದಲ್ಲಿ ಗ್ಲೈಕಾಲ್ ನೀರಿಗಿಂತ ಕೆಳಗಿನದೇ ಹೊರತು ಮೇಲಿನದಲ್ಲ. ನೀರಿನ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ, ಡಿಗ್ರಿಗೆ 4.2 ಕಿಲೋಜೌಲ್, ಗ್ಲೈಕಾಲಿನದು ಸುಮಾರು 2.4, ಸಮಪಾಲಿನ ಮಿಶ್ರಣದ್ದು ಸುಮಾರು 3.5. 'ಕೂಲಂಟ್ ನೀರಿಗಿಂತ ಹೆಚ್ಚು ತಂಪು ಮಾಡುತ್ತದೆ' ಎಂಬ ಲೇಖನಗಳ ಮಾತು ಆದ್ದರಿಂದ ಸರಿಯಲ್ಲ. ಹಾಗಾದರೆ ಅದನ್ನೇಕೆ ಬೆರೆಸಬೇಕು? ನಮ್ಮ ಹವೆಗೆ ಸಲ್ಲುವ ಕಾರಣಗಳು ಎರಡು.

ಮೊದಲನೆಯದು ಕುದಿಬಿಂದು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿದರೆ ಸಮಪಾಲಿನ ಮಿಶ್ರಣ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ ಎಂಬುದನ್ನೂ ನೆನಪಿಡಿ. ಕುದಿದರೆ ಏನಾಯಿತು ಎಂದು ಕೇಳಬಹುದು. ಬಿಸಿ ಲೋಹಕ್ಕೂ ದ್ರವಕ್ಕೂ ನಡುವೆ ಹಬೆಯ ಪೊರೆ ಹಬ್ಬಿತೆಂದರೆ ಉಷ್ಣದ ಸಾಗಣೆ ಕುಸಿದುಬೀಳುತ್ತದೆ. ಕಾದ ಕಾವಲಿಯ ಮೇಲೆ ಚಿಮುಕಿಸಿದ ನೀರು ತಕ್ಷಣ ಆವಿಯಾಗದೆ ಮಣಿಗಳಾಗಿ ಓಡಾಡುವುದನ್ನು ನೀವು ಕಂಡಿದ್ದೀರಿ. ಅಲ್ಲಿ ಹನಿಯನ್ನು ಕಾಪಾಡುವ ಹಬೆಯ ಪೊರೆಯೇ ಇಲ್ಲಿ ಎಂಜಿನ್ನಿಗೆ ಶತ್ರು.

ಎರಡನೆಯದು ಲೋಹದ ರಕ್ಷಣೆ. ಇಂದಿನ ಎಂಜಿನ್ನುಗಳಲ್ಲಿ ಸಿಲಿಂಡರ್ ಹೆಡ್ ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಕೊಳವೆ ಬಾವಿಯ ಗಡಸು ನೀರನ್ನು ಹಾಕಿದರೆ, ಅಡುಗೆಮನೆಯ ಗೀಸರಿನಲ್ಲಿ ಕಟ್ಟುವಂತಹದೇ ಸುಣ್ಣದ ಪದರ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಈ ಪದರದ ಉಷ್ಣವಾಹಕತೆ ಅಲ್ಯೂಮಿನಿಯಮ್ಮಿನ ನೂರನೇ ಒಂದು ಭಾಗದ ಆಸುಪಾಸಿನದು. ಒಂದು ಮಿಲಿಮೀಟರ್ ಸುಣ್ಣವೆಂದರೆ ಉಷ್ಣಕ್ಕೆ ಹತ್ತು ಸೆಂಟಿಮೀಟರ್ ಅಲ್ಯೂಮಿನಿಯಂ ಗೋಡೆ ಅಡ್ಡ ಬಂದಂತೆ. ನಮ್ಮ ರಾಜ್ಯದ ಬಯಲುಸೀಮೆಯ ಓದುಗರಿಗೆ ಹಿಮಕ್ಕಿಂತ ಸುಣ್ಣದ ಎಚ್ಚರಿಕೆ ಹೆಚ್ಚು ಮುಖ್ಯ. ಕೈಪಿಡಿಗಳು ಹಿಮದ ಕೋಷ್ಟಕ ಕೊಡುತ್ತವೆ, ಗಡಸು ನೀರಿಗೆ ಅರ್ಧ ವಾಕ್ಯ.

ಹಾಗೆಂದು ಹಿಮದ ಮಾತು ಪೂರ್ತಿ ನಿರರ್ಥಕವೂ ಅಲ್ಲ. ಲಡಾಖಿಗೆ ಕಾರಿನಲ್ಲಿ ಹೋಗುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಅವರು ತಿಳಿದಿರಬೇಕಾದ ಒಂದು ವಿಚಿತ್ರವಿದೆ. ಶುದ್ಧ ಗ್ಲೈಕಾಲ್ ಸುಮಾರು -13 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಅದಕ್ಕೆ ಸಮಪಾಲು ನೀರು ಬೆರೆಸಿದರೆ ಸುಮಾರು -37 ಡಿಗ್ರಿಯವರೆಗೂ ದ್ರವವಾಗಿಯೇ ಉಳಿಯುತ್ತದೆ. 'ಹೆಚ್ಚು ಹಾಕಿದಷ್ಟೂ ಒಳ್ಳೆಯದು' ಎಂಬ ನಂಬಿಕೆ ಬಿಸಿಲಿಗೂ ಸಲ್ಲದು, ಚಳಿಗೂ ಸಲ್ಲದು.

'ತಣ್ಣಗಿರುವಾಗ ನೋಡಿ'

ಈ ಸೂಚನೆಯನ್ನು ಓದಿದವರು ಅದು ಕೇವಲ ಸುರಕ್ಷತೆಗಾಗಿ ಎಂದುಕೊಳ್ಳುತ್ತಾರೆ. ತೊಟ್ಟಿ ಅರೆಪಾರದರ್ಶಕವಾಗಿರುವಾಗ, ಮುಚ್ಚಳ ತೆಗೆಯದೆ ಹೊರಗಿನಿಂದ ನೋಡಿದರೆ ಬಿಸಿಯಿದ್ದರೇನು ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ದ್ರವದ ಹಿಗ್ಗುವಿಕೆಯಲ್ಲಿದೆ. 25 ಡಿಗ್ರಿಯಿಂದ 90 ಡಿಗ್ರಿಗೆ ಕಾದಾಗ ಸಮಪಾಲಿನ ಮಿಶ್ರಣ ಸುಮಾರು ಶೇಕಡಾ 4ರಷ್ಟು ಹಿಗ್ಗುತ್ತದೆ. ಆರು ಲೀಟರಿಗೆ ಇದು ಸುಮಾರು ಕಾಲು ಲೀಟರ್. ತಣ್ಣಗಿರುವಾಗ ಕೆಳಗಿನ ಗೆರೆಗಿಂತ ಕೆಳಗಿದ್ದ ಮಟ್ಟ ಬಿಸಿಯಾದಾಗ ಎರಡು ಗೆರೆಗಳ ನಡುವೆ ಬಂದು ನಿಂತು 'ಎಲ್ಲ ಸರಿಯಿದೆ' ಎಂದು ಹೇಳಬಲ್ಲದು. ತಣ್ಣಗಿರುವಾಗ ನೋಡಬೇಕಾದದ್ದು ಆಗ ಮಾತ್ರ ಆ ಗೆರೆಗಳಿಗೆ ಅರ್ಥವಿರುವುದರಿಂದ. ಸಮತಟ್ಟಾದ ನೆಲದ ಮೇಲೆ ಎಂಬ ಷರತ್ತೂ ಇದೇ ಬಗೆಯದು: ಓರೆಯಾದ ತೊಟ್ಟಿಯಲ್ಲಿ ಗೆರೆ ಓರೆಯಾಗುತ್ತದೆ, ದ್ರವದ ಮೇಲ್ಮೈ ಆಗುವುದಿಲ್ಲ.

ಇನ್ನೂ ದೊಡ್ಡ ಕೊರತೆಯೆಂದರೆ ತೊಟ್ಟಿಗಳಲ್ಲಿ ಎರಡು ವಿಧ ಎಂಬುದನ್ನು ಪತ್ರಿಕಾ ಲೇಖನಗಳು ಹೇಳದಿರುವುದು. ಒಂದು ವಿಧದಲ್ಲಿ ಒತ್ತಡದ ಮುಚ್ಚಳ ರೇಡಿಯೇಟರಿನ ಮೇಲಿರುತ್ತದೆ; ಪಕ್ಕದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಹೊರಗಿನ ಗಾಳಿಯ ಒತ್ತಡ ಮಾತ್ರ. ಬಿಸಿಯಾದಾಗ ಹಿಗ್ಗಿದ ದ್ರವ ಈ ತೊಟ್ಟಿಗೆ ಬರುತ್ತದೆ. ತಣಿದಾಗ ರೇಡಿಯೇಟರಿನಲ್ಲಿ ಉಂಟಾಗುವ ಒತ್ತಡದ ಕೊರತೆಯಿಂದ ಹಿಂದಕ್ಕೆ ಸೆಳೆಯಲ್ಪಡುತ್ತದೆ. ಮುಚ್ಚಳದ ರಬ್ಬರ್ ಹಾಳಾಗಿದ್ದರೆ ಅಥವಾ ನಡುವಣ ಸಣ್ಣ ಕೊಳವೆ ಸೀಳಿದ್ದರೆ ದ್ರವದ ಬದಲು ಗಾಳಿ ಒಳಕ್ಕೆ ಹೋಗುತ್ತದೆ. ಆಗ ತೊಟ್ಟಿ ತುಂಬಿಯೇ ಇರುತ್ತದೆ, ರೇಡಿಯೇಟರ್ ಖಾಲಿಯಾಗುತ್ತಿರುತ್ತದೆ! ಪ್ರತಿವಾರ ತೊಟ್ಟಿ ನೋಡಿ ಸಮಾಧಾನಪಡುವ ಶಿಸ್ತಿನ ಓದುಗನೇ ಇಲ್ಲಿ ಮೋಸಹೋಗುತ್ತಾನೆ. ಇಂತಹ ಕಾರಿನಲ್ಲಿ ಆಗಾಗ, ಎಂಜಿನ್ ಪೂರ್ತಿ ತಣಿದಿರುವ ಬೆಳಗಿನ ಹೊತ್ತು, ರೇಡಿಯೇಟರಿನ ಮುಚ್ಚಳವನ್ನೇ ತೆಗೆದು ನೋಡಬೇಕು. ಎರಡನೆಯ ವಿಧದಲ್ಲಿ ಒತ್ತಡದ ಮುಚ್ಚಳ ತೊಟ್ಟಿಯ ಮೇಲೆಯೇ ಇರುತ್ತದೆ. ತೊಟ್ಟಿಯೇ ಒತ್ತಡಕ್ಕೆ ಒಳಗಾದ ಭಾಗ. ಇಲ್ಲಿ ತೊಟ್ಟಿಯ ಮಟ್ಟವನ್ನು ಹೆಚ್ಚು ನಂಬಬಹುದು, ಆದರೆ ಬಿಸಿಯಿರುವಾಗ ಅದರ ಮುಚ್ಚಳ ರೇಡಿಯೇಟರಿನದರಷ್ಟೇ ಅಪಾಯಕಾರಿ.

ಮುಚ್ಚಳದ ಕೆಳಗೆ ಏನಿದೆ?

'ಬಿಸಿಯಿರುವಾಗ ಮುಚ್ಚಳ ತೆಗೆಯಬೇಡಿ, ಸುಟ್ಟಗಾಯಗಳಾಗಬಹುದು'. ಈ ಎಚ್ಚರಿಕೆಯನ್ನು ಓದಿದವರ ಮನಸ್ಸಿಗೆ ಬರುವುದು ಬಿಸಿ ನೀರಿನ ಪಾತ್ರೆ. ಬಟ್ಟೆ ಹಿಡಿದು ಮೆಲ್ಲಗೆ ತೆರೆದರಾಯಿತು ಎಂದುಕೊಳ್ಳುತ್ತಾರೆ. ಆದರೆ ಅದು ಪಾತ್ರೆಯಲ್ಲ, ಸೀಟಿ ಹೊಡೆಯುತ್ತಿರುವ ಕುಕ್ಕರ್. ಮುಚ್ಚಳದ ಸ್ಪ್ರಿಂಗ್ ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ವಾಯುಮಾನದಷ್ಟು ಏರಲು ಬಿಡುತ್ತದೆ. ಆ ಒತ್ತಡದಲ್ಲಿ ಬರಿ ನೀರು ಕುದಿಯುವುದೂ 120 ಡಿಗ್ರಿಗೆ. ಸಮಪಾಲಿನ ಮಿಶ್ರಣದ ಕುದಿಬಿಂದು 125 ಡಿಗ್ರಿಯನ್ನೂ ದಾಟುತ್ತದೆ.

ಒಳಗೆ 110 ಡಿಗ್ರಿಯ 6 ಕಿಲೋಗ್ರಾಂ ನೀರು ಇದೆ ಎಂದು ಸುಲಭಕ್ಕಾಗಿ ಇಟ್ಟುಕೊಳ್ಳೋಣ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು ಕುದಿಬಿಂದು 100 ಡಿಗ್ರಿಗೆ ಬರುತ್ತದೆ. ಹೆಚ್ಚುವರಿ 10 ಡಿಗ್ರಿಯ ಉಷ್ಣ, ಎಂದರೆ ಸುಮಾರು 250 ಕಿಲೋಜೌಲ್, ಎಲ್ಲಿಗೆ ಹೋಗಬೇಕು? ನೀರಿನ ಒಂದು ಭಾಗವನ್ನು ಆವಿ ಮಾಡುತ್ತದೆ. ಆವಿಯ ಗುಪ್ತೋಷ್ಣ ಕಿಲೋಗ್ರಾಮಿಗೆ 2,257 ಕಿಲೋಜೌಲ್ ಆದ್ದರಿಂದ ಸುಮಾರು 110 ಗ್ರಾಂ ನೀರು ಹಬೆಯಾಗುತ್ತದೆ. ಇದು ಸಣ್ಣ ಲೋಟದಷ್ಟು ನೀರು. ಆದರೆ ಹಬೆಯಾಗಿ ಅದರ ಗಾತ್ರ ಸುಮಾರು 190 ಲೀಟರ್. ಒಂದು ದೊಡ್ಡ ಡ್ರಮ್ಮಿನಷ್ಟು ಹಬೆ, ಅಂಗೈ ಅಗಲದ ಬಾಯಿಯಿಂದ, ತನ್ನೊಂದಿಗೆ ಕುದಿಯುವ ದ್ರವವನ್ನೂ ಎತ್ತಿಕೊಂಡು ಬಗ್ಗಿ ನೋಡುತ್ತಿರುವವನ ಮುಖಕ್ಕೆ ಬರುತ್ತದೆ. ಚರ್ಮದ ಮೇಲೆ ಒಂದು ಗ್ರಾಂ ಹಬೆ ನೀರಾಗುವಾಗ ಬಿಡುವ ಉಷ್ಣ, ಒಂದು ಗ್ರಾಂ ಕುದಿನೀರು ಮೈಯ ತಾಪಕ್ಕೆ ತಣಿಯುವಾಗ ಬಿಡುವ ಉಷ್ಣದ ಎಂಟು ಪಟ್ಟಿಗಿಂತ ಹೆಚ್ಚು. 'ಸುಟ್ಟಗಾಯಗಳಾಗಬಹುದು' ಎಂಬ ಮಾತು ಇದನ್ನು ಹೇಳಲು ತೀರ ಬಡವಾದದ್ದು.

ತಿರುಗದ ಮುಳ್ಳು

ತಾಪಮಾಪಕದ ಮುಳ್ಳು ನಡುವೆ ಇದ್ದರೆ ಎಲ್ಲ ಸರಿ ಎಂದು ಬರೆಯುವುದು ವಾಡಿಕೆ. ಸಂವೇದಕ ಅಳೆಯುವುದು ತನ್ನನ್ನು ಮುಟ್ಟಿರುವ ದ್ರವದ ತಾಪವನ್ನು. ದ್ರವವೇ ಸೋರಿಹೋಗಿ ಸಂವೇದಕ ಗಾಳಿಯಲ್ಲಿ ನಿಂತರೆ, ಎಂಜಿನ್ ಕಾದು ಕೆಂಡವಾಗುತ್ತಿದ್ದರೂ ಮುಳ್ಳು ಮೇಲೇಳದಿರಬಹುದು. ಜೊತೆಗೆ ಅನೇಕ ಕಾರುಗಳಲ್ಲಿ, ಚಾಲಕ ಗಾಬರಿಯಾಗದಿರಲೆಂದು, ತಾಪದ ದೊಡ್ಡದೊಂದು ವ್ಯಾಪ್ತಿಗೆ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಈಚಿನ ಹಲವು ಸಣ್ಣ ಕಾರುಗಳಲ್ಲಿ ಮುಳ್ಳೂ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಮಿತಿಮೀರಿದರೆ ಕೆಂಪು ದೀಪ. ಆದ್ದರಿಂದ ಮಾಪಕವು ಮಟ್ಟ ನೋಡುವ ಅಭ್ಯಾಸಕ್ಕೆ ಬದಲಿಯಾಗಲಾರದು.

'ಕಡಿಮೆಯಾಗಿದ್ದರೆ ತುಂಬಿಸಿ'

ಭೌತವಿಜ್ಞಾನ ಕಲಿಸುವವನಾಗಿ ನನಗೆ ಅತ್ಯಂತ ಆಕ್ಷೇಪಾರ್ಹವೆನಿಸುವ ವಾಕ್ಯ ಇದು. ಮುಚ್ಚಿದ ವ್ಯವಸ್ಥೆಯಲ್ಲಿ ದ್ರವ ಖರ್ಚಾಗುವುದಿಲ್ಲ. ಪೆಟ್ರೋಲಿನಂತೆ ಅದು ಉರಿಯುವ ವಸ್ತುವಲ್ಲ. ವರ್ಷದಲ್ಲಿ ಸ್ವಲ್ಪ ಇಳಿಯಬಹುದು, ನಿಜ. ಆದರೆ ಪದೇ ಪದೇ ಇಳಿಯುತ್ತಿದ್ದರೆ ಅದು ಎಲ್ಲೋ ಹೋಗುತ್ತಿದೆ ಎಂದೇ ಅರ್ಥ. ಹೋಸ್ ಪೈಪಿನ ಕ್ಲಿಪ್ಪು, ವಾಟರ್ ಪಂಪಿನ ಸೀಲು, ರೇಡಿಯೇಟರಿನ ಸಣ್ಣ ತೂತು, ಹಳೆಯ ಮುಚ್ಚಳ ಇವು ಹೊರಗೆ ಕಾಣುವ ದಾರಿಗಳು. ಕಾರಿನೊಳಗೆ ಸಿಹಿವಾಸನೆ ಬಂದು ಗಾಜಿಗೆ ಜಿಡ್ಡು ಮಂಜು ಕಟ್ಟಿದರೆ ಹೀಟರಿನ ಕಡೆಯ ಸೋರಿಕೆ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದಿದ್ದರೆ, ಅಥವಾ ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಬರಿ ತುಂಬಿಸುತ್ತ ಹೋಗುವುದು ಜ್ವರಕ್ಕೆ ಮಾತ್ರೆ ನುಂಗಿ ರೋಗವನ್ನು ಬೆಳೆಸಿದಂತೆ. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ; ಅತಿಯಾಗಿ ಕಾದು ಹೆಡ್ ಬಾಗಿತೆಂದರೆ ಟ್ಯಾಕ್ಸಿ ಓಡಿಸಿ ಬದುಕುವವರ ಕೆಲವು ತಿಂಗಳ ದುಡಿಮೆ ಗ್ಯಾರೇಜಿಗೆ ಹೋಗುತ್ತದೆ.

ಪ್ರಯೋಗಾಲಯದಲ್ಲಿ ಒಂದೇ ಅಳತೆಯಿಂದ ಯಾರೂ ತೀರ್ಮಾನಕ್ಕೆ ಬರುವುದಿಲ್ಲ. ಕೂಲಂಟಿನ ಮಟ್ಟವೂ ಹಾಗೆಯೇ. ಒಂದು ದಿನದ ಮಟ್ಟ ಹೇಳುವುದು ಕಡಿಮೆ. ನಾಲ್ಕು ವಾರಗಳ ಮಟ್ಟ ಹೇಳುವುದು ಹೆಚ್ಚು. ತೊಟ್ಟಿಯ ಮೇಲೆ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಗೆರೆ ಎಳೆದು ದಿನಾಂಕ ಬರೆಯಿರಿ ಎಂದು ಒಂದು ಸಾಲು ಸೇರಿಸಿದರೆ ಕೈಪಿಡಿಗೆ ಖರ್ಚೇನೂ ಇಲ್ಲ.

ಬಣ್ಣ, ಚೀಟಿ, ವಿಷ

'ಹಸಿರಿಗೆ ಹಸಿರು, ಕೆಂಪಿಗೆ ಕೆಂಪು' ಎಂಬುದು ಗ್ಯಾರೇಜುಗಳ ನಿಯಮ. ಲೇಖನಗಳೂ ಅದನ್ನೇ ಪುನರುಚ್ಚರಿಸುತ್ತವೆ. ಬಣ್ಣ ಎಂಬುದು ಸೋರಿಕೆ ಕಾಣಲೆಂದು ಬೆರೆಸಿದ ಬಣ್ಣವಷ್ಟೇ. ಒಂದೇ ಬಣ್ಣದ ಎರಡು ಕೂಲಂಟುಗಳಲ್ಲಿ ತುಕ್ಕುನಿರೋಧಕಗಳು ಬೇರೆ ಬೇರೆ ಇರಬಹುದು. ಹೊಂದದವು ಬೆರೆತರೆ ರಕ್ಷಣೆ ಕುಂದುತ್ತದೆ, ಕೆಲವೊಮ್ಮೆ ಗಸಿಯೂ ಕಟ್ಟುತ್ತದೆ. ನೋಡಬೇಕಾದದ್ದು ಕೈಪಿಡಿ ಹೆಸರಿಸಿದ ಮಾದರಿಯನ್ನು, ಮತ್ತು ಚೀಟಿಯ ಮೇಲಿನ ಐಎಸ್ 5759, ಜೆಐಎಸ್ ಕೆ 2234, ಎಎಸ್‌ಟಿಎಂ ಡಿ 3306ರಂತಹ ಮಾನಕಗಳನ್ನು. ನೀರು ಬೆರೆಸಬೇಕಾದ ಸಾಂದ್ರ ದ್ರವವೋ, ನೇರವಾಗಿ ಹಾಕುವ ಸಿದ್ಧ ಮಿಶ್ರಣವೋ ಎಂಬುದನ್ನು ಚೀಟಿಗಳು ಚಿಕ್ಕ ಅಕ್ಷರದಲ್ಲಿ ಹೇಳುತ್ತವೆ. ಸಿದ್ಧ ಮಿಶ್ರಣಕ್ಕೆ ಮತ್ತೆ ಸಮಪಾಲು ನೀರು ಬೆರೆಸಿದರೆ ಗ್ಲೈಕಾಲ್ ಕಾಲುಭಾಗಕ್ಕೆ ಇಳಿಯುತ್ತದೆ.

ಅತ್ಯಂತ ಚಿಕ್ಕ ಅಕ್ಷರಗಳಲ್ಲಿರುವುದು ಅತ್ಯಂತ ದೊಡ್ಡ ಮಾತು. ಎಥಿಲೀನ್ ಗ್ಲೈಕಾಲ್ ವಿಷ, ಅದೂ ಸಿಹಿಯಾದ ವಿಷ. ವಯಸ್ಕರಿಗೂ ಸುಮಾರು 100 ಮಿಲಿಲೀಟರ್ ಪ್ರಾಣಾಂತಿಕವಾಗಬಲ್ಲದು. ಮಕ್ಕಳಿಗೆ, ನಾಯಿಗಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ದೇಹದಲ್ಲಿ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡಗಳಲ್ಲಿ ಹರಳುಗಟ್ಟುತ್ತದೆ. ಉಳಿದ ಕೂಲಂಟನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಯಾರಾದರೂ ಕುಡಿದರೆಂಬ ಸಂಶಯ ಬಂದರೂ ಲಕ್ಷಣಗಳಿಗಾಗಿ ಕಾಯದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಧಾವಿಸಬೇಕು. ಬೇಗ ಹೋದರೆ ಚಿಕಿತ್ಸೆಯಿದೆ. ಇದು ಚೀಟಿಯ ಮುಂಭಾಗದಲ್ಲಿ, ಕನ್ನಡದಲ್ಲಿ, ಹಿಮದ ಚಿತ್ರ ಇರುವ ಜಾಗದಲ್ಲಿ ಇರಬೇಕಾದ ಮಾತು.

ಹೀಗೆ ಬರೆಯಬಹುದು

ದೋಷ ಎಣಿಸಿದವನು ಬದಲಿಯನ್ನೂ ಕೊಡಬೇಕಷ್ಟೆ. ನನ್ನ ಮಟ್ಟಿಗೆ ಆ ಪುಟ ಹೀಗಿದ್ದರೆ ಸಾಕು:

'ವಾರಕ್ಕೊಮ್ಮೆ, ಬೆಳಿಗ್ಗೆ, ಕಾರು ಹೊರಡುವ ಮುನ್ನ, ಸಮನೆಲದಲ್ಲಿ ತೊಟ್ಟಿಯ ಮಟ್ಟ ನೋಡಿ. ಬಿಸಿಯಾದ ದ್ರವ ಹಿಗ್ಗುವುದರಿಂದ ಓಡಿದ ಕಾರಿನ ಮಟ್ಟ ನಂಬಲರ್ಹವಲ್ಲ. ಎರಡು ಗೆರೆಗಳ ನಡುವೆ ಇರಲಿ. ಇಳಿದಿದ್ದರೆ ಸರಿಯಾದ ಮಾದರಿಯ ಮಿಶ್ರಣವನ್ನು ಮೇಲಿನ ಗೆರೆ ದಾಟದಂತೆ ತುಂಬಿಸಿ, ದಿನಾಂಕ ಬರೆದಿಡಿ. ತಿಂಗಳೊಳಗೆ ಮತ್ತೆ ಇಳಿದರೆ ಸೋರಿಕೆ ಇದೆ, ಪರೀಕ್ಷೆ ಮಾಡಿಸಿ. ಸಾಂದ್ರ ದ್ರವಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ಬೆರೆಸಿ; ಕೊಳವೆ ಬಾವಿಯ ನೀರು ಒಳಗೆ ಸುಣ್ಣ ಕಟ್ಟುತ್ತದೆ. ಕೆಂಪು ದೀಪ ಹತ್ತಿದರೆ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಹಾಕಿ. ಅದು ಎರಡನೆಯ ಪುಟ್ಟ ರೇಡಿಯೇಟರಿನಂತೆ ಕೆಲಸ ಮಾಡುತ್ತದೆ. ಕೂಡಲೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಫ್ಯಾನ್ ತಾನೇ ತಿರುಗಬಹುದು, ಕೈ ದೂರವಿರಲಿ. ಮುಚ್ಚಳದ ಕೆಳಗಿರುವುದು ಕುಕ್ಕರ್; ಕನಿಷ್ಠ ಒಂದು ಗಂಟೆ ಕಾದು, ಮೇಲಿನ ಹೋಸ್ ಪೈಪ್ ಮುಟ್ಟಲು ಬಿಸಿಯಿಲ್ಲದಾಗ ಮಾತ್ರ ದಪ್ಪ ಬಟ್ಟೆ ಹಿಡಿದು ತೆರೆಯಿರಿ. ಬೇರೇನೂ ಸಿಗದಿದ್ದರೆ ಕುಡಿಯುವ ನೀರನ್ನು ಹಾಕಿ ಗ್ಯಾರೇಜಿನವರೆಗೆ ಹೋಗಬಹುದು. ಆದರೆ ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಕೂಲಂಟ್ ಸಿಹಿಯಾದ ವಿಷ, ಮಕ್ಕಳ ಕೈಗೆ ಎಟುಕದಿರಲಿ.'

ಇಷ್ಟಕ್ಕೆ ಒಂದು ಪುಟವೂ ಬೇಡ. ವಿದ್ಯುತ್ ಕಾರು ಬಂದರೆ ಈ ತಲೆನೋವು ತಪ್ಪುತ್ತದೆ ಎನ್ನುವವರಿದ್ದಾರೆ. ಆದರೆ ಇಂದಿನ ಅನೇಕ ವಿದ್ಯುತ್ ಕಾರುಗಳ ಬ್ಯಾಟರಿಯನ್ನು ಹದದಲ್ಲಿಡುವುದೂ ದ್ರವ ಕೂಲಂಟೇ, ಅದಕ್ಕೂ ಒಂದು ತೊಟ್ಟಿ, ಎರಡು ಗೆರೆ ಇವೆ. ಆ ಗೆರೆಗಳನ್ನು ಕುರಿತ ಪುಟವನ್ನಾದರೂ ಕಾರಣಸಮೇತ, ಓಡಿಸುವವರ ಭಾಷೆಯಲ್ಲಿ ಬರೆಯಬೇಕೆಂದು ತಯಾರಕರನ್ನೂ ವಾಹನ ಲೇಖನಗಳನ್ನು ಬರೆಯುವವರನ್ನೂ ನಾವು ಒತ್ತಾಯಿಸಬೇಕು. ಅಲ್ಲಿಯವರೆಗೆ ನಾಳೆ ಬೆಳಿಗ್ಗೆ, ಕೀಲಿ ತಿರುಗಿಸುವ ಮುನ್ನ, ನಿಮ್ಮ ಕಾರಿನ ಬಾನೆಟ್ ಎತ್ತಿ ಒತ್ತಡದ ಮುಚ್ಚಳ ರೇಡಿಯೇಟರಿನ ಮೇಲಿದೆಯೋ ತೊಟ್ಟಿಯ ಮೇಲಿದೆಯೋ ಎಂಬುದನ್ನು ನೋಡಿಕೊಳ್ಳಿ.